ಗ್ಯಾರೇಜಿಗೆ ಲಾಯಕ್ಕು

ಕಳೆದ ತಿಂಗಳು ನನ್ನ ಭಾವಮೈದುನ ಮನೆಗೆ ಬಂದಿದ್ದ. ಅಂಗಳದಲ್ಲಿ ಚಕ್ರ ಕಳಚಿ ನಿಂತಿದ್ದ ನನ್ನ 1983ರ ಪ್ರೀಮಿಯರ್ ಪದ್ಮಿನಿಯನ್ನೂ ಗ್ರೀಸು ಮೆತ್ತಿದ ನನ್ನ ಕೈಗಳನ್ನೂ ನೋಡಿ, “ಭಾವ, ಮೇಷ್ಟ್ರಾಗಿದ್ದವರು ನೀವು. ಈ ಕೆಲಸ ನಿಮಗೇಕೆ? ಗುಜರಿಗೆ ಹಾಕಿ ನಿಶ್ಚಿಂತೆಯಾಗಿರಿ” ಎಂದ. ಮಾತಿನಲ್ಲಿ ಕಾಳಜಿಯಿತ್ತು, ನಿಜ. ಆದರೆ ಅದರ ಬುಡದಲ್ಲಿದ್ದ ತಿರಸ್ಕಾರ ಕಾರಿನ ಬಗ್ಗೆ ಅಲ್ಲ, ಕೈಕೆಲಸದ ಬಗ್ಗೆ. ಅದಕ್ಕೆ ಉತ್ತರ ಹೇಳಲೇಬೇಕೆಂದು ಈ ಬರಹ.

ಹಳ್ಳ ಹತ್ತಿಳಿದಾಗಲೆಲ್ಲ ಕಾರು ತೊಟ್ಟಿಲಿನಂತೆ ತೂಗುತ್ತಿತ್ತು. ಗ್ಯಾರೇಜೊಂದರಲ್ಲಿ ಮುಂದಿನ ಸ್ಪ್ರಿಂಗಿನ ಸುರುಳಿಗಳ ನಡುವೆ ರಬ್ಬರ್ ಬಫರ್ ತುರುಕಿ “ಸರಿಹೋಯಿತು” ಎಂದರು. ಸರಿಹೋಗಲಿಲ್ಲ. ಭಾರ ಹೊರುವುದು ಸ್ಪ್ರಿಂಗು. ತೂಗಾಟವನ್ನು ಅಡಗಿಸುವುದು ಶಾಕ್ ಅಬ್ಸಾರ್ಬರಿನೊಳಗಿನ ಎಣ್ಣೆ. ಎಣ್ಣೆ ಸೋರಿಹೋದ ಮೇಲೆ ರಬ್ಬರ್ ತುರುಕಿದರೆ ಸ್ಪ್ರಿಂಗು ಗಡಸಾಗುತ್ತದೆ, ರೋಗ ಹಾಗೆಯೇ ಉಳಿಯುತ್ತದೆ. ಆದ್ದರಿಂದ ನಾನೇ ಬಿಚ್ಚಲು ನಿರ್ಧರಿಸಿದೆ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆಯಿದೆ. ಮೂವತ್ತು ವರ್ಷ ನಾನು ಹುಕ್‌ನ ನಿಯಮವನ್ನು ಬೋಧಿಸಿದೆ. ಪುಟ್ಟ ಸ್ಪ್ರಿಂಗಿಗೆ 50 ಗ್ರಾಂ ತೂಕ ಕಟ್ಟಿ, ಎಳೆತವು ಬಲಕ್ಕೆ ಅನುಪಾತದಲ್ಲಿರುತ್ತದೆ ಎಂದು ಸಾಧಿಸಿ ತೋರಿಸಿದೆ. ಒಮ್ಮೆ ಈ ನಿಯಮವನ್ನು ಒಪ್ಪಿಸಲಾಗದ ಹುಡುಗನಿಗೆ ಇಡೀ ತರಗತಿಯ ಮುಂದೆ, “ನೀನು ಗ್ಯಾರೇಜಿಗೇ ಲಾಯಕ್ಕು” ಎಂದೆ. ಅವನು ಗ್ಯಾರೇಜಿಗೇ ಹೋದ. ಈಗ ಒಳ್ಳೆಯ ಮೆಕ್ಯಾನಿಕ್. ಕಾರು ಬಿಚ್ಚುವುದಕ್ಕೆ ನಾನು ಸಹಾಯ ಕೇಳಿದ್ದು ಆತನನ್ನೇ.

ಮೊದಲ ನಟ್ಟಿಗೆ ಸ್ಪ್ಯಾನರ್ ಹಾಕುತ್ತಿದ್ದಂತೆ ಆತ ನನ್ನ ಕೈ ಹಿಡಿದ. “ಸಾರ್, ಬರೀ ಜ್ಯಾಕ್ ನಂಬಿ ಅಡಿಗೆ ಹೋಗಬೇಡಿ.” ಚಾಸಿಯ ಕೆಳಗೆ ಸ್ಟ್ಯಾಂಡು ಕೊಟ್ಟು, ಹಿಂದಿನ ಚಕ್ರಗಳಿಗೆ ಕಲ್ಲು ಇಟ್ಟ. ಸ್ಪ್ರಿಂಗನ್ನು ಕಂಪ್ರೆಸರಿನಲ್ಲಿ ಬಿಗಿಹಿಡಿದ ಮೇಲೆಯೇ ತೋಳಿನ ಬೋಲ್ಟು ಸಡಿಲಿಸಿದ. ಸುಮಾರು 900 ಕಿಲೋ ತೂಗುವ ಕಾರು; ಮುಂದಿನ ಒಂದೊಂದು ಚಕ್ರದ ಪಾಲಿಗೆ ಇನ್ನೂರು ಕಿಲೋಗೂ ಮೇಲೆ. ಸ್ಪ್ರಿಂಗು ಚಕ್ರಕ್ಕಿಂತ ಒಳಗೆ ಕೂತಿರುವುದರಿಂದ ಸನ್ನೆಯ ತತ್ತ್ವದಂತೆ ಅದರ ಮೇಲಿನ ಒತ್ತಡ ಇನ್ನೂ ಹೆಚ್ಚು. ಹಿಡಿತವಿಲ್ಲದೆ ಬಿಚ್ಚಿದರೆ ಅದು ಕೈಮುಖ ನೋಡುವುದಿಲ್ಲ. ನಿಯಮ ಬಲ್ಲ ನನಗೆ ಇದು ಹೊಳೆದಿರಲಿಲ್ಲ. ನಿಯಮ ಒಪ್ಪಿಸಲಾಗದವನಿಗೆ ಗೊತ್ತಿತ್ತು.

ಹಿಂದಿನ ಕಮಾನು ಪಟ್ಟೆಗೆ ಹೊಸ ರಬ್ಬರ್ ಬುಷ್ ಹಾಕಿ, ಕಾರು ಸ್ಟ್ಯಾಂಡಿನ ಮೇಲಿರುವಾಗಲೇ ಬೋಲ್ಟು ಬಿಗಿಯಲು ಹೊರಟೆ. ಮತ್ತೆ ತಡೆದ. ಕಾರು ನೆಲಕ್ಕಿಳಿದು, ತನ್ನ ಭಾರ ತಾನು ಹೊತ್ತು ನಿಂತ ಮೇಲೆಯೇ ಕೊನೆಯ ಬಿಗಿತ. ಇಲ್ಲವಾದರೆ ಕಾರು ಇಳಿದೊಡನೆ ರಬ್ಬರು ತಿರುಚಿಕೊಂಡು, ಸದಾ ಹಾಗೆಯೇ ಇದ್ದು, ಬೇಗನೆ ಹರಿಯುತ್ತದೆ.

ಎಲ್ಲವನ್ನೂ ಮನೆಯಲ್ಲೇ ಮಾಡಿ ಎಂದು ನಾನು ವಾದಿಸುತ್ತಿಲ್ಲ. ಕಿಂಗ್‌ಪಿನ್ನಿನ ಬುಷ್ ಕೂರಿಸಿ ಅಳತೆಗೆ ಕೊರೆಯಲು ಲೇತ್ ಅಂಗಡಿಗೆ ಕೊಟ್ಟೆವು. ಚಕ್ರಗಳ ಅಲೈನ್‌ಮೆಂಟನ್ನು ಹೊರಗೆ ಮಾಡಿಸಿದೆವು. ತನ್ನ ಮಿತಿ ಅರಿಯುವುದೂ ಕೈಕೆಲಸ ಕಲಿಸುವ ಪಾಠವೇ. ಪದ್ಮಿನಿಯ ಕಾಲ ಮುಗಿಯಿತೆಂಬ ಆಕ್ಷೇಪವನ್ನೂ ಒಪ್ಪುತ್ತೇನೆ. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿಯೂ 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಮರೆಯಾಯಿತು. ಆದರೆ ನನ್ನ ಜಗಳ ಕಾರಿನ ಆಯುಸ್ಸಿಗಾಗಿ ಅಲ್ಲ.

ಕೈಯ ಮೂಲಕ ಬುದ್ಧಿ ಬೆಳೆಯಬೇಕೆಂದು ಗಾಂಧೀಜಿ 1937ರಲ್ಲೇ ವಾರ್ಧಾದಲ್ಲಿ ಪ್ರತಿಪಾದಿಸಿದರು. ನಾವು ಮಾಡಿದ್ದೇನು? ವೇಳಾಪಟ್ಟಿಯಲ್ಲಿ ‘ಕಾರ್ಯಾನುಭವ’ ಎಂದು ಬರೆದು, ಆ ಅವಧಿಯನ್ನು ಗಣಿತಕ್ಕೆ ಕಿತ್ತುಕೊಂಡೆವು. ಕಿತ್ತುಕೊಂಡವರಲ್ಲಿ ನಾನೂ ಒಬ್ಬ. ಕೈಕೆಲಸವನ್ನು ದಡ್ಡರಿಗೆ ಕೊಡುವ ಶಿಕ್ಷೆಯಾಗಿಸಿದವರು ನಾವು ಮೇಷ್ಟ್ರುಗಳೇ.

ಕೆಲಸ ಮುಗಿದ ಸಂಜೆ ಆತನಿಗೆ ಕಾಫಿ ಕೊಟ್ಟು, ಅಂದಿನ ಮಾತಿಗೆ ಕ್ಷಮೆ ಕೇಳಿದೆ. “ನೆನಪಿದೆ ಸಾರ್” ಎಂದಷ್ಟೇ ಹೇಳಿ ಲೋಟ ಕೆಳಗಿಟ್ಟ. ಮರೆತಿದ್ದೇನೆ ಎನ್ನಲಿಲ್ಲ.

ಇದನ್ನು ಓದುವ ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಶಿಕ್ಷಕರು, ತಂದೆತಾಯಂದಿರು. ನಿಮ್ಮಲ್ಲಿ ನನ್ನದು ಒಂದೇ ಪ್ರಾರ್ಥನೆ: ಆ ಮಾತನ್ನು ಯಾವ ಮಗುವಿಗೂ ಬೈಗುಳವಾಗಿ ಆಡಬೇಡಿ.