ಜಯಘೋಷವೂ ವಿಮರ್ಶೆಯೂ

ಚಿತ್ರಪಟವನ್ನು ಕುರಿತು ಅಭಿಪ್ರಾಯ ಹೇಳುವುದು ಪ್ರೇಕ್ಷಕರ ಹಕ್ಕು. ಪಂಡಿತರು ಅದನ್ನು ಹೀಗಳೆಯುವುದು ಯುಕ್ತವಲ್ಲ. ೧೯೬೧ರ ‘ಕಿತ್ತೂರು ಚೆನ್ನಮ್ಮ’ದಲ್ಲಿ ಬಿ. ಸರೋಜಾದೇವಿಯವರನ್ನೂ, ೨೦೧೨ರ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ದಲ್ಲಿ ದರ್ಶನ್ ಅವರನ್ನೂ ಜನರು ಮನಸಾರೆ ಮೆಚ್ಚಿದರು. ಆದರೆ ಅಭಿಮಾನಿಗಳ ಚರ್ಚೆಯೆಲ್ಲವೂ ನಟರ ಠೀವಿ, ಕತ್ತಿವರಸೆ, ಗಳಿಕೆಯ ಲೆಕ್ಕಗಳಲ್ಲಿಯೇ ಮುಗಿಯುವುದಾದರೆ ಅದು ಅಭಿಮಾನವೋ, ಬರಿಯ ಜಯಘೋಷವೋ ಎಂದು ನಾವು ಕೇಳುತ್ತೇವೆ.

೧೮೩೧ರ ಜನವರಿ ೨೬ರಂದು ರಾಯಣ್ಣನನ್ನು ಗಲ್ಲಿಗೇರಿಸಿದ್ದು ನಮ್ಮ ಖಾನಾಪುರ ತಾಲೂಕಿನ ನಂದಗಡದಲ್ಲಿ. ಅಲ್ಲಿ ಅವನ ಸಮಾಧಿಯಿದೆ, ಆಲದ ಮರವಿದೆ. ಬೆಳಗಾವಿಯ ಚಿತ್ರಮಂದಿರದಲ್ಲಿ ಶಿಳ್ಳೆ ಹಾಕಿದ ತರುಣನಿಗೆ ಅದು ದೂರದ ಊರಲ್ಲ. ಅಲ್ಲಿ ಒಂದು ಗಳಿಗೆ ನಿಂತು ಅವನು ಯೋಚಿಸಲಿ: ರಾಯಣ್ಣನನ್ನು ಹಿಡಿದುಕೊಟ್ಟವರು ನಮ್ಮವರೇ ಎಂಬ ಕಹಿಸತ್ಯವನ್ನು ಚಿತ್ರವು ಎಷ್ಟು ನೇರವಾಗಿ ಹೇಳಿತು? ಭೂಮಿ ಕಳೆದುಕೊಂಡವರ ಸಂಕಟವನ್ನು ಎಷ್ಟು ತೋರಿಸಿತು? ಹೀಗೆ ಕೇಳುವವನೇ ನಿಜವಾದ ಅಭಿಮಾನಿ.

ನಿರ್ಮಾಪಕರು ಕಿವಿಗೊಡುವುದು ಪ್ರೇಕ್ಷಕರ ಮಾತಿಗೇ. ನಾವು ಶಿಳ್ಳೆಯನ್ನಷ್ಟೇ ಕೊಟ್ಟರೆ, ಮುಂದಿನ ಚಿತ್ರದಲ್ಲಿ ನಮಗೆ ದೊರೆಯುವುದೂ ಶಿಳ್ಳೆಗೆ ತಕ್ಕ ರಾಯಣ್ಣನೇ.