ಬೇಲಿ ಮುರಿದ ಬಾಡಿಗೆ ಕಾರು

ನಮ್ಮ ದೇವರಾಜ ಅರಸು ಬಡಾವಣೆಯಲ್ಲಿ ಸಂಜೆ ವಾಕಿಂಗ್ ಮುಗಿಸಿ ಪಾರ್ಕಿನ ಬೆಂಚಿನ ಮೇಲೆ ಕೂರುವ ನಾಲ್ಕೈದು ಮಂದಿ ಮುದುಕರಲ್ಲಿ ಯಾರಾದರೊಬ್ಬರು ವಿದೇಶಕ್ಕೆ ಹೊರಟಿರುತ್ತಾರೆ, ಇಲ್ಲವೇ ಈಗಷ್ಟೇ ಬಂದಿಳಿದಿರುತ್ತಾರೆ. ಹೋದ ವಾರ ಪಕ್ಕದ ರಸ್ತೆಯ ಮೇಷ್ಟ್ರು ಮಗನ ಹತ್ತಿರ ಆಸ್ಟ್ರೇಲಿಯಕ್ಕೆ ಹೊರಟ ಸುದ್ದಿ ಹೇಳಿದರು. ಶೇಂಗಾ ಚಟ್ನಿಪುಡಿ ಎಷ್ಟು ಕೆ.ಜಿ., ಮಂಡಕ್ಕಿ ಒಯ್ಯಬಹುದೋ ಇಲ್ಲವೋ ಎಂದೆಲ್ಲ ಚರ್ಚೆಯಾಯಿತು. “ಅಲ್ಲಿ ಕಾರು ಬಾಡಿಗೆಗೆ ತಗೊಂಡು ಹತ್ತು ದಿನ ಸುತ್ತೋಣ ಅಂತ ಮಗ ಹೇಳ್ಯಾನೆ” ಅಂದರು.

“ಕಾರು ಯಾರು ಓಡಿಸ್ತಾರೆ ಮೇಷ್ಟ್ರೇ?”

“ಮಗ ಓಡಿಸ್ತಾನೆ. ಸುಸ್ತಾದ್ರೆ ಸೊಸೆ.”

“ಇಬ್ಬರ ಹೆಸರೂ ಕಾಗದದಲ್ಲಿ ಇರುತ್ತಾ?”

ಇದೇನು ಈ ಬ್ಯಾಂಕಿನವನ ತಲೆಹರಟೆ ಎನ್ನುವಂತೆ ಅವರು ನನ್ನ ಮುಖ ನೋಡಿದರು. ಆ ಒಂದು ಪ್ರಶ್ನೆ ಕಲಿಯಲಿಕ್ಕೆ ನಮ್ಮ ಮನೆಯವರು ಮೂರು ಲಕ್ಷಕ್ಕೂ ಹೆಚ್ಚು ಫೀಸು ಕಟ್ಟಿದ್ದೇವೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಈ ವಾರ ಅದನ್ನೇ ಬರೆಯುತ್ತೇನೆ. ಅದರಲ್ಲಿ ನನ್ನ ಮಾನ ಹೋಗುವ ಸಂಗತಿಯೂ ಒಂದಿದೆ. ಮಕ್ಕಳೇ, ಅದನ್ನೂ ಬಿಡದೆ ಹೇಳುತ್ತೇನೆ.

2024ರ ಜನವರಿ. ಮಗಳು, ಅಳಿಯ, ಒಂಬತ್ತು ವರ್ಷದ ಮೊಮ್ಮಗಳು ಇರುವುದು ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ. ನಾನು, ನಮ್ಮ ಮನೆಯವಳು, ಬೆಂಗಳೂರಿನ ಮಗ ಮೂವರೂ ಹೋಗಿದ್ದೆವು. ನಮ್ಮಲ್ಲಿ ಚಳಿ ಇರುವಾಗ ಅಲ್ಲಿ ಬೇಸಿಗೆ ರಜೆ. ರಾತ್ರಿ ಒಂಬತ್ತಕ್ಕೂ ಬೆಳಕಿರುತ್ತದೆ. ದಕ್ಷಿಣ ದ್ವೀಪ ನೋಡೋಣವೆಂದು ಕ್ರೈಸ್ಟ್‌ಚರ್ಚಿಗೆ ವಿಮಾನದಲ್ಲಿ ಹೋಗಿ, ಏಳು ಸೀಟಿನ ಕಾರೊಂದನ್ನು ಎಂಟು ದಿನಕ್ಕೆ ಬಾಡಿಗೆಗೆ ತೆಗೆದುಕೊಂಡೆವು. ಅಲ್ಲಿಯೂ ನಮ್ಮ ಹಾಗೆ ಎಡಗಡೆಯೇ ಓಡಿಸುವುದು. ಹಾಗಾಗಿ ಎಲ್ಲರಿಗೂ ಧೈರ್ಯ.

ಕೌಂಟರಿನ ಹುಡುಗಿ ನಗುನಗುತ್ತಾ ಕೇಳಿದಳು, ಬೇರೆ ಯಾರಾದರೂ ಓಡಿಸುತ್ತಾರಾ ಅಂತ. ಹೆಚ್ಚುವರಿ ಚಾಲಕರ ಹೆಸರು ಸೇರಿಸಿದರೆ ದಿನಕ್ಕೆ ಐದು ಡಾಲರ್. “ಬೇಡ, ನಾನೊಬ್ಬನೇ” ಅಂದ ಅಳಿಯ. ಅವಳು ನಾಲ್ಕು ಪುಟದ ಕರಾರುಪತ್ರ ಮುಂದಿಟ್ಟಳು. ಅವನು ಸಹಿ ಹಾಕಿದ. ನಾನು ಪಕ್ಕದಲ್ಲೇ ನಿಂತಿದ್ದೆ. ಬ್ಯಾಂಕಿನಲ್ಲಿ 36 ವರ್ಷ “ಓದಿ ಸಹಿ ಮಾಡ್ರೀ, ಓದಿ ಸಹಿ ಮಾಡ್ರೀ” ಎಂದು ಗಂಟಲು ಹರಿದುಕೊಂಡವನು ನಾನು. ಅವತ್ತು ಹೊಟ್ಟೆ ಚುರುಗುಟ್ಟುತ್ತಿತ್ತು, ಹಿಂದೆ ಕ್ಯೂ ಇತ್ತು. ಸುಮ್ಮನಿದ್ದೆ.

ಆ ಹೊತ್ತಿಗೆ ಕೆಲಸಕ್ಕೆ ಬರುವಂಥದ್ದು ಮಾಡಿದವಳು ಮೊಮ್ಮಗಳು ಒಬ್ಬಳೇ. ಅಮ್ಮನ ಫೋನ್ ಹಿಡಿದು, ಹೊಸ ಕಾರು ಸಿಕ್ಕ ಖುಷಿಗೆ, ನಾಲ್ಕೂ ಕಡೆಯಿಂದ ಫೋಟೊ ತೆಗೆದಳು. ಗಾಲಿಗಳದ್ದೂ ತೆಗೆದಳು. “ಅದ್ಯಾಕೆ ಗಾಲಿ ಫೋಟೊ?” ಅಂದಿದ್ದಕ್ಕೆ “ಚೆನ್ನಾಗಿದೆ ಅಜ್ಜ” ಅಂದಳು. ಇದನ್ನು ನೆನಪಿಟ್ಟುಕೊಳ್ಳಿ.

ಕ್ರೈಸ್ಟ್‌ಚರ್ಚಿನಿಂದ ಟೆಕಪೊ ಸರೋವರಕ್ಕೆ ಸುಮಾರು 225 ಕಿ.ಮೀ. ನಮ್ಮೂರಿಂದ ಬೆಂಗಳೂರಿಗಿಂತ ಸ್ವಲ್ಪ ಕಡಿಮೆ. ಫೇರ್ಲಿ ಎಂಬ ಸಣ್ಣ ಊರು ದಾಟುವ ಹೊತ್ತಿಗೆ ಅಳಿಯ ಆಕಳಿಸತೊಡಗಿದ. “ಭಾವ, ಕೊಡಿ, ಸ್ವಲ್ಪ ಹೊತ್ತು ನಾನು ಓಡಿಸ್ತೀನಿ” ಅಂದ ನನ್ನ ಮಗ. ನಿದ್ದೆಗಣ್ಣಲ್ಲಿ ಓಡಿಸುವುದಕ್ಕಿಂತ ಅದು ಒಳ್ಳೆಯದೇ, ಅದರಲ್ಲಿ ತಪ್ಪೇನಿಲ್ಲ. ಮಗನ ಹತ್ತಿರ ಇಂಗ್ಲಿಷಿನಲ್ಲೇ ಇದ್ದ ಲೈಸೆನ್ಸಿನ ಜೊತೆಗೆ ಆರ್.ಟಿ.ಓ. ಕಚೇರಿಯವರು ಒಂದು ವರ್ಷಕ್ಕೆ ಕೊಡುವ ಅಂತಾರಾಷ್ಟ್ರೀಯ ಪರ್ಮಿಟ್ಟೂ ಇತ್ತು. ಇಲ್ಲದಿದ್ದದ್ದು ಕರಾರುಪತ್ರದಲ್ಲಿ ಅವನ ಹೆಸರು.

ಬರ್ಕ್ಸ್ ಪಾಸ್ ದಾಟಿದ ಮೇಲೆ ಎರಡೂ ಕಡೆ ಒಣಹುಲ್ಲಿನ ಬಯಲು, ಅಲ್ಲಲ್ಲಿ ಕುರಿ, ದೂರದಲ್ಲಿ ಹಿಮದ ಬೆಟ್ಟ. ಈ ಸೀಮೆಗೆ ಮೆಕೆಂಜಿ ಎಂದು ಹೆಸರು. 1855ರಲ್ಲಿ ಸಾವಿರ ಕುರಿ ಕದ್ದ ಆರೋಪದ ಮೇಲೆ ಸಿಕ್ಕಿಬಿದ್ದ ಜೇಮ್ಸ್ ಮೆಕೆಂಜಿಯ ಹೆಸರದು! ಕುರಿ ಕದ್ದವನ ಹೆಸರನ್ನು ಒಂದು ಸೀಮೆಗೇ ಇಡುವುದೆಂದರೆ, ಏನು ಜನ! ಅಳಿಯ ಈ ಕಥೆ ಹೇಳಿ ನಗಿಸುತ್ತಿರುವಾಗಲೇ ಹಿಂದೆ ಒಂದು ವ್ಯಾನು ಬಂತು. ಅದಕ್ಕೆ ದಾರಿ ಬಿಡೋಣವೆಂದು ಮಗ ಎಡಕ್ಕೆ ಸರಿದ. ರಸ್ತೆಯಂಚಿನಲ್ಲಿ ಸಡಿಲ ಜಲ್ಲಿ. ಗಾಲಿ ಜಾರಿತು. ಕಾರು ಬೇಲಿಗೆ ನುಗ್ಗಿ ಎರಡು ಕಂಬ ಮುರಿದು ನಿಂತಿತು.

ಎದೆ ಧಸಕ್ಕೆಂದಿತು. ಎಲ್ಲರಿಗೂ ಬೆಲ್ಟ್ ಇದ್ದದ್ದು ಪುಣ್ಯ. ನಮ್ಮವಳ ಎಡಗೈ ಮಣಿಕಟ್ಟು ಮುಂದಿನ ಸೀಟಿಗೆ ಬಡಿದು ಊದಿಕೊಂಡಿತು. ಉಳಿದವರಿಗೆ ಏನೂ ಆಗಿರಲಿಲ್ಲ. ಮಗಳು ಮೊದಲು ಮಾಡಿದ್ದು, ಎಲ್ಲರನ್ನೂ ರಸ್ತೆಯ ಕಡೆಗಲ್ಲ, ಹುಲ್ಲಿನ ಕಡೆಗೆ ಇಳಿಸಿ ಕಾರಿನಿಂದ ದೂರ ನಿಲ್ಲಿಸಿದ್ದು. ಮಗ ನಾಲ್ಕೂ ಇಂಡಿಕೇಟರ್ ಹಾಕಿದ. ಇಂಥ ಹೊತ್ತಿನಲ್ಲಿ ಬಂಪರ್ ನೋಡಲು ರಸ್ತೆ ಮಧ್ಯೆ ನಿಂತವರಿಗೆ ಹಿಂದಿನಿಂದ ಬಂದ ಗಾಡಿ ಹೊಡೆಯುವುದುಂಟು. ನಮ್ಮ ಹರಿಹರದ ಹೈವೇಯಲ್ಲೂ ಇದೇ ಮಾತು.

ಅಳಿಯ 111ಕ್ಕೆ ಫೋನ್ ಮಾಡಿದ. ಅತ್ತ ಕಡೆಯವರು ಕೇಳಿದ ಮೊದಲ ಪ್ರಶ್ನೆ, ಅಗ್ನಿಶಾಮಕವೋ, ಆಂಬುಲೆನ್ಸೋ, ಪೊಲೀಸೋ? ಎರಡನೆಯದು, ಎಲ್ಲಿದ್ದೀರಿ? ನಮಗೆ ಎಲ್ಲಿದ್ದೇವೆಂದೇ ಗೊತ್ತಿಲ್ಲ! ಅಷ್ಟರಲ್ಲಿ ಕಾರು ನಿಲ್ಲಿಸಿ ಇಳಿದುಬಂದ ನನ್ನ ವಯಸ್ಸಿನ ದಂಪತಿ ಜಾಗ ಹೇಳಿಕೊಟ್ಟರು. ಮಕ್ಕಳೇ, ಪ್ರಯಾಣದಲ್ಲಿ ಮೊಬೈಲ್ ಆಟ ಬಿಟ್ಟು, ಕೊನೆಗೆ ದಾಟಿದ ಊರು ಯಾವುದು, ಎಷ್ಟು ದೂರ ಆಯಿತು ಎಂದು ನೋಡುತ್ತಿರಿ. ಆಸ್ಟ್ರೇಲಿಯದಲ್ಲಿ 000, ಅಮೆರಿಕದಲ್ಲಿ 911, ಯುರೋಪಿನಲ್ಲೂ ನಮ್ಮ ದೇಶದಲ್ಲೂ 112. ಇವನ್ನು ಬಾಯಿಪಾಠ ಮಾಡಿದರೆ ಮಗ್ಗಿಯಷ್ಟೇ ಉಪಯೋಗ.

ಪೊಲೀಸ್ ಬರಲು ಮುಕ್ಕಾಲು ಗಂಟೆ ಆಯಿತು. ಆ ಮುಕ್ಕಾಲು ಗಂಟೆಯಲ್ಲೇ ನನ್ನ ಮಾನ ಹೋದದ್ದು.

ಅಳಿಯನಿಗೆ ಥಟ್ಟನೆ ನೆನಪಾಗಿ ಫೋನಿನಲ್ಲಿದ್ದ ಕರಾರುಪತ್ರ ತೆಗೆದ. ಹೆಸರಿಲ್ಲದವರು ಓಡಿಸಿದರೆ ವಿಮೆ ಪೂರ್ತಿ ರದ್ದು, ಅಂತ ಸ್ಪಷ್ಟವಾಗಿತ್ತು. ಅವನ ಮುಖ ಬಿಳಿಚಿಕೊಂಡಿತು. “ನಾನೇ ಓಡಿಸ್ತಿದ್ದೆ ಅಂತ ಹೇಳಿಬಿಡೋಣ” ಅಂದ. ಯಾರೂ ಮಾತಾಡಲಿಲ್ಲ. ನಾನು ಮಾತಾಡಿದೆ. “ಹಂಗೇ ಹೇಳಪ್ಪ. ಯಾರು ನೋಡ್ಯಾರೆ?”

“ನಾನು ನೋಡಿದೀನಿ ಅಜ್ಜ” ಅಂದಳು ಮೊಮ್ಮಗಳು. “ಮಾಮ ಓಡಿಸ್ತಿದ್ದ. ನಾನು ಹಿಂದೇನೇ ಕೂತಿದ್ದೆ.”

ಅವಳು ನನ್ನನ್ನು ಮೂದಲಿಸಲಿಲ್ಲ. ಅಜ್ಜ ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿತ್ತು, ಹೇಳಿದಳು, ಅಷ್ಟೆ. ನನಗೆ ನಿಂತ ನೆಲ ಕುಸಿದ ಹಾಗಾಯಿತು. ಒಂದು ವೋಚರಿನಲ್ಲಿ ಹೆಸರು ತಿದ್ದಿದ್ದಕ್ಕೆ ಕೆಲಸ ಕಳೆದುಕೊಂಡವರನ್ನು ಕಣ್ಣಾರೆ ಕಂಡವನು ನಾನು. ಮಗಳು ನನ್ನ ಕಡೆ ನೋಡದೆ “ಅಪ್ಪಾಜಿ, ನೀವಾದ್ರೂ ಹಂಗೆ ಹೇಳಬಾರದಿತ್ತು” ಅಂದಳು.

ಅಷ್ಟರಲ್ಲಿ ಹೊಲದ ಯಜಮಾನ ನಾಯಿಯ ಜೊತೆ ಬಂದ. ಮೊದಲು ಕೇಳಿದ್ದು “ಯಾರಿಗಾದರೂ ಪೆಟ್ಟಾಗಿದೆಯಾ?” ಆಮೇಲೇ ಬೇಲಿ ನೋಡಿದ. ಬೇಲಿ ಬಿದ್ದರೆ ಕುರಿಗಳು ಹೆದ್ದಾರಿಗೆ ಬರುತ್ತವೆ, ಇನ್ನೊಂದು ಅಪಘಾತ ಆಗುತ್ತದೆ. ನಮಗೆ ಅದು ಹೊಳೆದೇ ಇರಲಿಲ್ಲ. ಮಗನೂ ಅಳಿಯನೂ ಅವನ ಜೊತೆ ಸೇರಿ ತಂತಿ ಎಳೆದು ಹಗ್ಗದಿಂದ ಕಟ್ಟಿದರು. ಅಲ್ಲಿಯ ಕಾನೂನಿನಂತೆ ಯಾರದೇ ಆಸ್ತಿಗೆ ಹಾನಿ ಮಾಡಿದವರು 48 ಗಂಟೆಯೊಳಗೆ ಮಾಲೀಕರಿಗೆ ಹೆಸರು, ವಿಳಾಸ ಕೊಡಬೇಕು, ಮಾಲೀಕರು ಸಿಗದಿದ್ದರೆ 60 ಗಂಟೆಯೊಳಗೆ ಪೊಲೀಸರಿಗೆ. ಯಾರಿಗಾದರೂ ಗಾಯವಾಗಿದ್ದರೆ 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಲೇಬೇಕು.

ಪೊಲೀಸಿನವರು ಬಂದು ಚಾಲಕ ಯಾರೆಂದು ಕೇಳಿದರು. ಅಳಿಯ ಬಾಯಿ ತೆರೆಯುವ ಮೊದಲೇ ಮಗ ಮುಂದೆ ಬಂದು “ನಾನು” ಅಂದ. ಉಸಿರು ಊದಿಸಿ ಪರೀಕ್ಷೆ ಮಾಡಿದರು, ಲೈಸೆನ್ಸ್ ನೋಡಿದರು, ನಡೆದದ್ದು ಬರೆದುಕೊಂಡು ಒಂದು ನಂಬರ್ ಕೊಟ್ಟರು. ಈ ನಂಬರ್ ಬಹಳ ಮುಖ್ಯ, ಬಾಡಿಗೆಯವರೂ ವಿಮೆಯವರೂ ಮೊದಲು ಕೇಳುವುದು ಅದನ್ನೇ. ಕೊಲ್ಲಿ ರಾಷ್ಟ್ರಗಳಿಗೆ ಹೋಗುವವರು ತಿಳಿದಿರಲಿ, ದುಬೈಯಂಥ ಕಡೆ ಪೊಲೀಸರ ವರದಿ ಇಲ್ಲದೆ ಗ್ಯಾರೇಜಿನವರು ಕಾರು ಮುಟ್ಟುವುದೂ ಇಲ್ಲ. ಯುರೋಪಿನ ದೇಶಗಳಲ್ಲಿ ಎರಡೂ ಕಾರಿನವರು ಸ್ಥಳದಲ್ಲೇ ತುಂಬಿ ಸಹಿ ಹಾಕುವ ಒಂದು ಫಾರಂ ಇರುತ್ತದೆ. ಭಾಷೆ ತಿಳಿಯದೆ ಅದಕ್ಕೆ ಸಹಿ ಹಾಕಬೇಡಿ.

ಇನ್ನೊಂದು ಗೊಂದಲ ಬಿಡಿಸಬೇಕು. ಬಾಡಿಗೆ ಕಾಗದದಲ್ಲಿ “ಎದುರಿನವರ ಮುಂದೆ ತಪ್ಪು ಒಪ್ಪಿಕೊಳ್ಳಬೇಡಿ” ಎಂದು ಬರೆದಿರುತ್ತದೆ. ಹಾಗೆಂದರೆ ಸುಳ್ಳು ಹೇಳಿ ಎಂದಲ್ಲ. ಯಾರ ತಪ್ಪು, ಯಾರು ಎಷ್ಟು ಕೊಡಬೇಕು ಎಂಬ ತೀರ್ಮಾನವನ್ನು ರಸ್ತೆಯಲ್ಲಿ ನಿಂತು ಮಾಡಬೇಡಿ, ಅದು ವಿಮೆಯವರ ಕೆಲಸ ಎಂದರ್ಥ. ಯಾರು ಓಡಿಸುತ್ತಿದ್ದರು, ಗಾಲಿ ಎಲ್ಲಿ ಜಾರಿತು ಎಂಬುದು ನಡೆದದ್ದು. ಅದನ್ನು ನಡೆದ ಹಾಗೇ ಹೇಳಬೇಕು. ಕ್ಯಾಶ್ ಕಡಿಮೆ ಬಂದರೆ ಎಷ್ಟು ಕಡಿಮೆ ಎಂದು ಬರೆಯುತ್ತೇವೆ, ಯಾರು ಕಟ್ಟಬೇಕು ಎಂಬುದು ಮ್ಯಾನೇಜರ್ ಮೇಜಿನ ಮೇಲಿನ ಮಾತು. ಹಾಗೆ.

ನಮ್ಮವಳ ಕೈಗೆ ಟಿಮರುವಿನಲ್ಲಿ ಎಕ್ಸ್‌ರೇ ಆಯಿತು. ಸಣ್ಣ ಬಿರುಕು, ಪಟ್ಟಿ ಕಟ್ಟಿದರು. ಖರ್ಚಿನ ಭಯ ನನಗೆ. ಆದರೆ ಆ ದೇಶದಲ್ಲಿ 1974ರಿಂದ ಒಂದು ಪದ್ಧತಿಯಿದೆ. ಅಪಘಾತದಲ್ಲಿ ಗಾಯಗೊಂಡವರ ಚಿಕಿತ್ಸೆಗೆ ಸರ್ಕಾರದ ಒಂದು ಸಂಸ್ಥೆಯೇ ನೆರವು ಕೊಡುತ್ತದೆ, ತಪ್ಪು ಯಾರದೆಂದು ಕೇಳುವುದಿಲ್ಲ. ಪ್ರವಾಸಿಗಳಿಗೂ ಅನ್ವಯ. ಅದಕ್ಕೆ ಬದಲಾಗಿ ಗಾಯಕ್ಕೆ ಪರಿಹಾರ ಕೇಳಿ ಯಾರೂ ಕೋರ್ಟಿಗೆ ಹೋಗುವಂತಿಲ್ಲ. ಡಾಕ್ಟರು ಒಂದು ಫಾರಂ ತುಂಬಿಸಿದರು, ಸ್ವಲ್ಪ ಫೀಸು ನಾವು ಕಟ್ಟಿದೆವು, ರಸೀದಿ ತೋರಿಸಿದ ಮೇಲೆ ಅದನ್ನೂ ಪ್ರವಾಸ ವಿಮೆಯವರು ಕೊಟ್ಟರು. ವಿಚಿತ್ರವೆಂದರೆ, ನಮ್ಮಲ್ಲಿ ಕಡ್ಡಾಯವಾಗಿರುವ ಥರ್ಡ್ ಪಾರ್ಟಿ ವಿಮೆ ಅಲ್ಲಿ ಕಡ್ಡಾಯವಲ್ಲ! ಹಾಗಾಗಿ ಬೇರೆಯವರ ಬೇಲಿಗೋ ಕಾರಿಗೋ ಹಾನಿ ಮಾಡಿದರೆ, ವಿಮೆ ಇಲ್ಲದವರು ಜೇಬಿನಿಂದಲೇ ಕೊಡಬೇಕು.

ನಾವು ಆಗ ವಿಮೆ ಇಲ್ಲದವರೇ. ಹೆಸರು ಬರೆಸಿದ್ದರೆ ‘ಎಕ್ಸೆಸ್’ ಎನ್ನುವ ನಮ್ಮ ಪಾಲು 3,500 ಡಾಲರಿಗೆ ನಿಲ್ಲುತ್ತಿತ್ತು. ಈಗ ಪೂರ್ತಿ ನಮ್ಮ ತಲೆಗೆ. ಮೂರು ವಾರದ ಮೇಲೆ ಬಿಲ್ಲು ಬಂತು: 7,140 ಡಾಲರ್. ದುರಸ್ತಿ, ಎಳೆದೊಯ್ದ ಖರ್ಚು, ಗ್ಯಾರೇಜಿನಲ್ಲಿದ್ದ ದಿನಗಳ ಬಾಡಿಗೆ ನಷ್ಟ. ಬಿಲ್ಲು ಎಂದರೆ ನನಗೆ ಮತ್ತೆ ಜೀವ ಬಂದ ಹಾಗೆ. ಒಂದೊಂದು ಸಾಲನ್ನೂ ಬೆರಳಿಟ್ಟು ಓದಿದೆ. ಬಲಗಡೆ ಹಿಂದಿನ ಗಾಲಿಯ ಗೀರಿಗೆ 380 ಡಾಲರ್. ಬೇಲಿಗೆ ಬಡಿದದ್ದು ಎಡಗಡೆ! ಮೊಮ್ಮಗಳ ಫೋಟೊ ತೆಗೆದು ನೋಡಿದರೆ, ಕಾರು ಕೈಗೆ ಬಂದ ದಿನವೇ ಆ ಗೀರು ಇತ್ತು, ತಾರೀಖು ಸಮಯ ಸಮೇತ. ಕಳಿಸಿದೆವು. ನಾಲ್ಕು ದಿನಕ್ಕೆ ಅಷ್ಟನ್ನು ತೆಗೆದುಹಾಕಿದರು. ಉಳಿದ 6,760 ಡಾಲರ್, ನಮ್ಮ ಲೆಕ್ಕದಲ್ಲಿ ಸುಮಾರು 3 ಲಕ್ಷ 40 ಸಾವಿರ, ಕಟ್ಟಿದೆವು. ಉಳಿಸಲು ಹೋದದ್ದು 40 ಡಾಲರ್.

ಅಳಿಯ ಎರಡು ದಿನ ಮಗನ ಜೊತೆ ಹೆಚ್ಚು ಮಾತಾಡಲಿಲ್ಲ. ಬಿಲ್ಲನ್ನು ಇಬ್ಬರೂ ಅರ್ಧರ್ಧ ಹಂಚಿಕೊಂಡರು. ಊರಿಗೆ ಬಂದು ನನ್ನದೊಂದು ಎಫ್.ಡಿ. ಮುರಿಸಿ ಒಂದಿಷ್ಟು ಇಬ್ಬರಿಗೂ ಕಳಿಸಿದೆ. “ನಿಮಗ್ಯಾಕೆ ಮಾವ?” ಅಂದ ಅಳಿಯ. ಕೌಂಟರಿನಲ್ಲಿ ಸುಮ್ಮನೆ ನಿಂತದ್ದಕ್ಕೆ ಎಂದೆ. ಇನ್ನೊಂದು ಕಾರಣ ಹೇಳಲಿಲ್ಲ. ಅವನಿಗೂ ಗೊತ್ತಿತ್ತು.

ಬೇಲಿಯ ಯಜಮಾನನ ಬಿಲ್ಲು ಪೋಸ್ಟಿನಲ್ಲಿ ಬಂದಿತ್ತು. ಎರಡು ಕಂಬ, ಇಷ್ಟು ಮೀಟರ್ ತಂತಿ. ಕೂಲಿ ಹಾಕಿರಲಿಲ್ಲ. ಕೆಳಗೆ ಕೈಬರಹದಲ್ಲಿ ಒಂದು ಸಾಲು: ಅಜ್ಜಿಯ ಕೈ ಹೇಗಿದೆ, ಕುರಿಗಳನ್ನೆಲ್ಲ ಎಣಿಸಿದ್ದೇನೆ, ಸರಿಯಾಗಿವೆ. ಮಗಳು ಅದನ್ನು ವಿಡಿಯೊ ಕಾಲ್‌ನಲ್ಲಿ ಓದಿ ಹೇಳಿದಾಗ ಮೊಮ್ಮಗಳು ಹಿಂದಿನಿಂದ ಇಣುಕಿ ಕೇಳಿದಳು.

“ಅಜ್ಜ, ಒಟ್ಟು ಎಷ್ಟಂತೆ?”

ಅದನ್ನು ಅವನು ಬರೆದಿರಲಿಲ್ಲ.