ಹೆಸರು ನಮ್ಮದು, ಕೀಲಿ ಅವರ ಕಿಸೆದಾಗ

ವೈನಿ, ಮಾವಶಿ, ಅಕ್ಕಗಳಿರಾ, ಈ ಸಲ ಸಂಡಿಗಿ-ಹಪ್ಪಳದ ಮಾತು ಬದಿಗಿಟ್ಟು ಕಾರಿನ ಮಾತು ಆಡೋಣ. ನಿಮ್ಮ ಮನಿ ಮುಂದ ನಿಂತ ಕಾರು ಯಾರ ಹೆಸರಿನ್ಯಾಗ ಅದ? ಬಾಳ ಮನಿಯೊಳಗ ಹೆಂಗಸರ ಹೆಸರಿನ್ಯಾಗ. "ಲಕ್ಷ್ಮಿ ಹೆಸರಿಗೆ ಇರ್ಲಿ" ಅಂತ ತಗೊಂಡಿರ್ತಾರ. ಮುಂಗಡಕ್ಕ ಭಿಶಿ ಎತ್ತಿದ ರೊಕ್ಕ ಕೊಟ್ಟವರೂ ನಾವು, ಮೊದಲನೇ ದಿನ ಗಾಲಿ ಕೆಳಗ ನಿಂಬೆಹಣ್ಣು ಇಟ್ಟವರೂ ನಾವು. ಆದ್ರ ಕೀಲಿ ಯಾರ ಕಿಸೆದಾಗ ಅದ? ಇದು ಸರಿ ಅಲ್ಲ ಅಂತ ನಾನು ಸ್ಪಷ್ಟ ಹೇಳ್ತೀನಿ.

ಮೊದಲು ಕಾರಿನ ಬಗ್ಗೆ. ನಮ್ಮಂಥ ಮನಿಗೆ ಡಿಕ್ಕಿ ಇರೋ ಸಣ್ಣ ಕಾರೇ ಛಲೋ. ಎತ್ತರದ ಗಾಡಿ ಈಗ ಫ್ಯಾಶನ್ ಆಗ್ಯಾದ ಖರೆ, ಆದ್ರ ಇಲಕಲ್ ಸೀರಿ ಉಟ್ಟ, ಮೊಣಕಾಲು ನೋಯೋ ಅತ್ತಿ ಅದರಾಗ ಹತ್ತೋದನ್ನ ಒಮ್ಮೆ ನೋಡ್ರಿ. ಡಿಕ್ಕಿ ಕಾರಿನ್ಯಾಗ ಕುರ್ಚಿ ಮ್ಯಾಲೆ ಕೂತಂಗ ಕೂಡಬಹುದು. ಡಿಜೈರ್ ಡಿಕ್ಕಿ 382 ಲೀಟರ್, ಅಂದ್ರ ಊರಿಂದ ತಂದ ಜೋಳದ ಚೀಲ, ಲಗ್ನದ ಸೂಟ್‌ಕೇಸು ಎರಡೂ ಹಿಡಸ್ತಾವ. ಸಿ.ಎನ್.ಜಿ. ಗಾಡಿ ತಗೊಳ್ಳೋರು ಮಾತ್ರ ಡಿಕ್ಕಿ ತೆರದು ನೋಡ್ರಿ, ಸಿಲಿಂಡರು ಅಲ್ಲೇ ಕೂತಿರ್ತದ. ಈ ಗಾಡಿಗೋಳ ಹಿಂಭಾಗ ಗಿಡ್ಡ ಯಾಕ ಅಂದ್ರ, 4 ಮೀಟರಿನೊಳಗ ಉದ್ದ ಇದ್ರ ತೆರಿಗಿ ಕಡಿಮಿ. 2025ರ ಸೆಪ್ಟೆಂಬರ್ 22ರಿಂದ ಇಂಥ ಸಣ್ಣ ಪೆಟ್ರೋಲ್ ಕಾರಿನ ಜಿ.ಎಸ್.ಟಿ. 28ರಿಂದ 18 ಪರ್ಸೆಂಟಿಗೆ ಇಳದದ.

ಶೋರೂಮಿಗೆ ಹೋದ್ರ ಮಾರೋ ಹುಡುಗ ಯಜಮಾನರ ಕಡೆ ತಿರುಗಿ ಇಂಜಿನ್ ಮಾತು ಆಡ್ತಾನ, ನಮ್ಮ ಕಡೆ ತಿರುಗಿ ಬಣ್ಣದ ಮಾತು ಆಡ್ತಾನ. ಕಡೀಕ ಹುಡುಗರು ಸನ್‌ರೂಫ್ ಬೇಕಂತ ಹಟ ಹಿಡೀತಾರ, ಲಕ್ಷಗಟ್ಟಲೆ ಹೆಚ್ಚಿಗಿ ಕೊಟ್ಟು ಮ್ಯಾಲಿನ ಮಾಡೆಲ್ ತಗೋತಾರ. ನಮ್ಮ ಬಿಸಿಲಿನ್ಯಾಗ ಆ ಕಿಟಕಿ ವರ್ಷಕ್ಕ ಎಷ್ಟು ದಿನ ತಗೀತೀವಿ? 2024ರ ನವೆಂಬರಿನ್ಯಾಗ ಬಂದ ಹೊಸ ಡಿಜೈರ್‌ಗೆ 6 ಏರ್‌ಬ್ಯಾಗು, ಮಕ್ಕಳ ಸೀಟು ಬಿಗಿಯೋ ಐಸೋಫಿಕ್ಸ್ ಕೊಂಡಿ ಎಲ್ಲಾ ಮಾಡೆಲ್‌ನ್ಯಾಗೂ ಅವ, ಕೆಳಗಿನದರಾಗೂ ಅವ. ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷಾದಾಗ ದೊಡ್ಡವರ ಸುರಕ್ಷತೆಗೆ 5 ಸ್ಟಾರ್ ಬಂದದ. ಜೀವ ಉಳಿಸೋ ಸಾಮಾನು ಕಡಿಮಿ ರೊಕ್ಕದಾಗೇ ಸಿಗ್ತದ ಅಂದಮ್ಯಾಲೆ ಉಳಿದ ರೊಕ್ಕದಾಗ ಮನಿ ಹೆಂಗಸರಿಗೆ ಡ್ರೈವಿಂಗ್ ಕಲಸ್ರಿ ಅಂತೀನಿ ನಾನು.

ಇಲ್ಲಿಗೆ ಬಂತು ನೋಡ್ರಿ ಜಗಳ. "ನಿಮಗ್ಯಾಕ ತ್ರಾಸು, ನಾವಿಲ್ಲೇನು?" ಅಂತಾರ. ಪ್ರೀತಿಯಿಂದನೇ ಅಂತಾರ. ಆದ್ರ "ನಾವು" ಬೆಳಗಾವಿಗೆ ಡ್ಯೂಟಿಗೆ ಹೋದಾಗ? ನಮ್ಮ ಓಣ್ಯಾಗಿನ ಒಬ್ಬ ಕಾಕೂಗ ಹೋದ ಮಳಿಗಾಲದಾಗ ರಾತ್ರಿ ಎರಡಕ್ಕ ಉಸಿರು ಕಟ್ಟಿತು. ಬಾಗಲ ಮುಂದ ಪೆಟ್ರೋಲ್ ತುಂಬಿದ ಕಾರು ನಿಂತದ, ಗೋಡೆಗೆ ಕೀಲಿ ನೇತಾಡ್ತದ, ಮನ್ಯಾಗ ಇಬ್ಬರು ಕಲತ ಸೊಸೆಂದಿರು ಅದಾರ. ಓಡಸಾಕ ಒಬ್ಬರಿಗೂ ಬರೂದಿಲ್ಲ. ಅಂಬುಲೆನ್ಸು ಬರೂತನಕ ಅವರು ಪಟ್ಟ ಸಂಕಟ ಓಣಿಗೆಲ್ಲಾ ಗೊತ್ತದ. ಕಾಕು ಉಳದ್ರು, ದೇವರು ದೊಡ್ಡಾವ. ಆದ್ರ ಪ್ರತಿ ಸಲ ದೇವರ ಮ್ಯಾಲೇ ಹಾಕೋದೇನು?

"ಹೆಂಗಸರಿಗೆ ಸ್ಕೂಟಿ ಸಾಕು" ಅನ್ನೋರೂ ಅದಾರ. ಸ್ಕೂಟಿ ಮ್ಯಾಲೆ ಹೆಲ್ಮೆಟ್ ಇಲ್ಲದ ಹುಡುಗನ್ನ ಮುಂದ ನಿಂದ್ರಿಸಿ, ಹಿಂದ ಕೂಸು ಹಿಡದ ಅಕ್ಕನ್ನ ಕೂಡಿಸಿ, ಲಾರಿ ಬಾಜೂಕ ಹೋಗೋದು ಸುರಕ್ಷಿತ, 6 ಏರ್‌ಬ್ಯಾಗ್ ಇರೋ ಗಾಡಿ ಓಡಸೋದು ಮಾತ್ರ ಅಪಾಯ! ಇದ್ಯಾವ ಲೆಕ್ಕ? "ಗಾಡಿಗೆ ಗೀರು ಬಿದ್ರ?" ಅಂತಾರ. ಬೀಳಲಿ. ತಾವು ಕಲಿಯೋವಾಗ ಗೇಟಿಗೆ ಗುದ್ದಿದ್ದು ನಾವು ಯಾರಿಗೂ ಹೇಳಿಲ್ಲ.

ಇನ್ನ ರೊಕ್ಕದ ಮಾತು, ಇದನ್ನ ಮನಿಯವರಿಗೂ ಓದಿ ಹೇಳ್ರಿ. ಕಾರಿನ ವಿಮೆದೊಳಗ ಮಾಲಕ-ಚಾಲಕರಿಗೆ ಅಂತ 15 ಲಕ್ಷದ ಅಪಘಾತ ವಿಮಾ ಇರ್ತದ. ಅದು ಸಿಗೋದು ಆರ್.ಸಿ.ಯೊಳಗ ಹೆಸರು ಇದ್ದವರಿಗೆ, ಅದೂ ಅವರ ಕಡೆ ಲೈಸನ್ಸ್ ಇದ್ರ ಮಾತ್ರ. ಕಾರು ಹೆಂಡತಿ ಹೆಸರಿಗೆ, ಆಕಿಗೆ ಲೈಸನ್ಸ್ ಇಲ್ಲ, ಓಡಸೋದು ಗಂಡ ಅಂದ್ರ ಏನಾತು? ಗಂಡ ಮಾಲಕ ಅಲ್ಲ, ಹೆಂಡತಿ ಚಾಲಕಿ ಅಲ್ಲ. ಬ್ಯಾರೆ ಪಾಲಿಸಿ ಮಾಡಸದಿದ್ರ ಆ 15 ಲಕ್ಷ ಇಬ್ಬರಿಗೂ ಇಲ್ಲ! ಬರೇ ಲಕ್ಷ್ಮಿ ಹೆಸರು ಹಾಕಿದ್ರ ಲಕ್ಷ್ಮಿ ಬರೂದಿಲ್ರಿ.

ಕಲಿಯೋದು ಬೆಟ್ಟ ಹತ್ತಿದಂಗ ಏನಿಲ್ಲ. ಕಲಿಕಾ ಲೈಸನ್ಸ್ 6 ತಿಂಗಳು ನಡೀತದ, ಅದು ತಗೊಂಡು 30 ದಿನ ಆದ ಮ್ಯಾಲೆ ಪರೀಕ್ಷಾ ಕೊಡಬಹುದು. ಅಲ್ಲಿತನಕ ಗಾಡಿಗೆ ಎಲ್ ಬೋರ್ಡು, ಬಾಜೂಕ ಲೈಸನ್ಸ್ ಇದ್ದವರು ಇರಬೇಕು. ಕ್ಲಚ್ಚಿನ ಅಂಜಿಕಿ ಇದ್ರ ಎ.ಎಂ.ಟಿ. ಗಾಡಿ ತಗೋರಿ, ಎಡಗಾಲಿಗೆ ಕೆಲಸನ ಇಲ್ಲ. ಒಂದು ಕೈಯಾಗ ರೊಟ್ಟಿ ಬಡದು ಇನ್ನೊಂದು ಕೈಯಾಗ ಕೂಸು ಹಿಡದವರಿಗೆ ಸ್ಟೇರಿಂಗ್ ಏನ್ ಮಹಾ?

ಮತ್ತ ಸೀಟಿನ ಮ್ಯಾಲೆ ನಾವು ಕೂತ ಮ್ಯಾಲೆ ನಮ್ಮ ಕಾಯದೆ ನಡೀಬೇಕು. ಹಿಂದ ಕೂತವರೂ ಬೆಲ್ಟ್ ಹಾಕಬೇಕು. 2022ರ ಸೆಪ್ಟೆಂಬರಿನ್ಯಾಗ ಸೈರಸ್ ಮಿಸ್ತ್ರಿ ತೀರಿಕೊಂಡಾಗ ಅವರು ದುಬಾರಿ ಗಾಡಿಯ ಹಿಂದಿನ ಸೀಟಿನ್ಯಾಗ ಬೆಲ್ಟ್ ಇಲ್ಲದ ಕೂತಿದ್ರು. ಬೆಲ್ಟ್ ಇಲ್ಲದ್ರ 1,000 ರೂಪಾಯಿ ದಂಡ ಅದ, ಆದ್ರ ದಂಡಕ್ಕ ಅಂಜಿ ಅಲ್ಲ, ಜೀವಕ್ಕ ಅಂಜಿ ಹಾಕ್ರಿ. ಕೂಸನ್ನ ತೊಡಿ ಮ್ಯಾಲೆ ಇಟಗೊಂಡು ಮುಂದಿನ ಸೀಟಿನ್ಯಾಗ ಕೂಡೋದು ಇವತ್ತೇ ಬಿಡ್ರಿ. ಗುದ್ದಿದಾಗ ಉಬ್ಬೋ ಏರ್‌ಬ್ಯಾಗು ನಮ್ಮನ್ನ ಉಳಿಸಬಹುದು, ಕೂಸಿಗೆ ಅದೇ ಯಮ ಆಗ್ತದ.

ಹೊಸ ಗಾಡಿ ಕೊಡೋವಾಗ ಕಂಪನಿಯವರು ಎರಡು ಕೀಲಿ ಕೊಡ್ತಾರ. ಎರಡನೇದು ತಿಜೋರಿಯೊಳಗ ಬಂಗಾರದ ಜೋಡಿ ಬಿದ್ದಿರ್ತದ. ಈ ಶ್ರಾವಣ ಮುಗಿಯೋದರೊಳಗ ಅದನ್ನ ಹೊರಗ ತಗೀರಿ. ಯಾರು ಯಾರು ತಗದ್ರಿ ಅಂತ ಅರಿಶಿನ-ಕುಂಕುಮಕ್ಕ ಬಂದಾಗ ಕೇಳಾಕಿ ನಾನು.